ಬಾಗಿಲು ಪೂರ್ವಕ್ಕೆ, ಬಚ್ಚಲು ಮಹಡಿಯ ಮೇಲೆ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರು ಬಿಲ್ಡರ್ ಆಫೀಸಿನಲ್ಲಿ ಕೇಳುವ ಮೊದಲ ಪ್ರಶ್ನೆ, ಬಾಗಿಲು ಯಾವ ದಿಕ್ಕಿಗೆ? ಎರಡನೆಯದು, ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ? ಮೂರನೆಯದು, ಅಡುಗೆಮನೆಯ ಕೌಂಟರಿಗೆ ಗ್ರಾನೈಟೋ ಕ್ವಾರ್ಟ್ಜೋ? ಲೆಕ್ಕಪತ್ರ ಗೊತ್ತಿರುವವಳು ಜೊತೆಗಿದ್ದರೆ ಒಳ್ಳೆಯದೆಂದು ಸ್ನೇಹಿತರು ನನ್ನನ್ನು ಇಂಥ ಕಡೆಗೆಲ್ಲ ಕರೆದುಕೊಂಡು ಹೋಗುತ್ತಾರೆ. ಮೊದಲು ಡೆಟ್ರಾಯಿಟ್ ಪಕ್ಕದ ನೋವೈ, ಕ್ಯಾಂಟನ್, ಟ್ರಾಯ್‌ಗಳಲ್ಲಿ, ಆಮೇಲೆ ಶಿಕಾಗೋದ ಪಶ್ಚಿಮಕ್ಕಿರುವ ನೇಪರ್‌ವಿಲ್, ಅರೋರಾಗಳಲ್ಲಿ ಎಷ್ಟು ಮಾಡೆಲ್ ಹೋಮ್‌ಗಳ ಮೆಟ್ಟಿಲು ಹತ್ತಿ ಇಳಿದಿದ್ದೇನೋ, ಅದೊಂದಕ್ಕೆ ಲೆಕ್ಕವಿಟ್ಟಿಲ್ಲ. ಅಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಊರಿಂದ ಅಮ್ಮ ಬಂದರೆ ಸ್ನಾನ ಎಲ್ಲಿ ಮಾಡುತ್ತಾರೆ?

ಉತ್ತರ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಮಹಡಿಯ ಮೇಲೆ. ಕೆಳಗಡೆ ಇರುವುದು 'ಪೌಡರ್ ರೂಮ್'. ಅಂದರೆ ಒಂದು ಕಮೋಡು, ಒಂದು ಸಿಂಕು, ಒಂದು ಕನ್ನಡಿ. ಪೌಡರ್ ಹಚ್ಚಿಕೊಳ್ಳುವವರಿಗೆ ಸಾಕು. ಮಂಡಿನೋವಿನ 72 ವರ್ಷದ ಹೆಂಗಸಿಗೆ ಸಾಲದು.

ಈ ಮನೆಯನ್ನು ನೋಡದವರಿಗಾಗಿ, ಮುಖ್ಯವಾಗಿ ಊರಿನಲ್ಲಿರುವ ಓದುಗರಿಗಾಗಿ, ಒಮ್ಮೆ ಒಳಗೆ ಕರೆದೊಯ್ಯುತ್ತೇನೆ. ಬಾಗಿಲು ತೆರೆದರೆ ಎರಡಂತಸ್ತಿನೆತ್ತರದ ಖಾಲಿ ಜಾಗ, ಮೇಲೊಂದು ತೂಗುದೀಪ. ಎಡಕ್ಕೆ ಯಾರೂ ಕೂರದ 'ಫಾರ್ಮಲ್ ಲಿವಿಂಗ್', ಬಲಕ್ಕೆ ಯಾರೂ ಉಣ್ಣದ 'ಫಾರ್ಮಲ್ ಡೈನಿಂಗ್'. ಹಿಂದೆ ಅಡುಗೆಮನೆ, ಅದಕ್ಕೆ ಗೋಡೆಯೇ ಇಲ್ಲದೆ ಅಂಟಿಕೊಂಡ ಫ್ಯಾಮಿಲಿ ರೂಮ್. ಅದರ ಚಾವಣಿಯೂ ಎರಡಂತಸ್ತಿನೆತ್ತರಕ್ಕೆ ಹೋಗಿ, ಮೇಲಿನ ಪಡಸಾಲೆ ಕಟಕಟೆಯಿಂದ ಕೆಳಗಿಣುಕುತ್ತದೆ. ಮಲಗುವ ಕೋಣೆಗಳೆಲ್ಲ ಮೇಲೆ. ನೆಲಮಾಳಿಗೆಯಲ್ಲಿ ಬೇಸ್‌ಮೆಂಟ್, ಅದರಲ್ಲಿ ದೊಡ್ಡ ಟಿವಿ. ಒಟ್ಟು 3,000 ಚದರಡಿಗೆ ಕಡಿಮೆಯಿಲ್ಲ. ಇಷ್ಟರಲ್ಲಿ ನೆಲದ ಮಟ್ಟದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗಗಳು ಎರಡೇ: ಆ ಪೌಡರ್ ರೂಮು ಮತ್ತು ಕೋಟು ನೇತುಹಾಕುವ ಕ್ಲಾಸೆಟ್ಟು.

ಕ್ಯಾಂಟನ್‌ನಲ್ಲಿ ಸ್ನೇಹಿತೆಯೊಬ್ಬಳ ಅತ್ತೆ ಬಂದಿದ್ದರು, ಮಂಡ್ಯ ಕಡೆಯವರು. ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಎಲ್ಲಾ ಐತೆ ಕಣವ್ವ. ಏನೂ ಕಮ್ಮಿ ಮಾಡಿಲ್ಲ ಮಕ್ಳು. ಆದ್ರೆ ಕೂತ್ಕೊಳಕೊಂದು ಜಾಗ ಇಲ್ಲ." ಆ ಮನೆಯಲ್ಲಿ ಮೂರು ಸೋಫಾ ಸೆಟ್ಟುಗಳಿದ್ದವು. ಫ್ಯಾಮಿಲಿ ರೂಮಿನಲ್ಲಿ ಕೂತರೆ ಮಗ ಲ್ಯಾಪ್‌ಟಾಪ್ ಹಿಡಿದು ಮೀಟಿಂಗಿನಲ್ಲಿರುತ್ತಿದ್ದ, ಟಿವಿ ಹಾಕುವಂತಿಲ್ಲ. ಫಾರ್ಮಲ್ ಲಿವಿಂಗಿನಲ್ಲಿ ಕೂತರೆ ಬಿಳಿ ಸೋಫಾದ ಚಿಂತೆ. ಅಡುಗೆಮನೆಯ ಎತ್ತರದ ಸ್ಟೂಲು ಹತ್ತಲಾಗದು. ಅವರು ಮಲಗುತ್ತಿದ್ದುದು ಡೈನಿಂಗ್ ರೂಮಿನಲ್ಲಿ, ಕಮಾನಿಗೆ ಸ್ಪ್ರಿಂಗ್ ಕಡ್ಡಿ ಹಾಕಿ ಕಟ್ಟಿದ ಪರದೆಯ ಹಿಂದೆ, ತೂಗುದೀಪದ ಕೆಳಗೆ. ಸೀರೆ ಬದಲಿಸಲು ಪೌಡರ್ ರೂಮು. ಸ್ನಾನಕ್ಕೆ ದಿನಕ್ಕೊಮ್ಮೆ ಮೆಟ್ಟಿಲು, ಕಟಕಟೆ ಹಿಡಿದುಕೊಂಡು, ಮಗ ಆಫೀಸಿಗೆ ಹೋಗುವ ಮೊದಲು, ಏಕೆಂದರೆ ಜಾರಿದರೆ ಹಿಡಿಯಲು ಯಾರಾದರೂ ಬೇಕು.

ನನ್ನ ತಕರಾರು ಇಷ್ಟೇ. ನಾವು ವರ್ಷಕ್ಕೆ ನಾಲ್ಕು ಸಂಜೆ ಬರುವ ಅತಿಥಿಗಳಿಗಾಗಿ ಮನೆ ಕೊಳ್ಳುತ್ತಿದ್ದೇವೆ. ವಿಸಿಟರ್ ವೀಸಾದ ಮೇಲೆ ಬಂದು ಆರು ತಿಂಗಳು ಇರುವವರಿಗಾಗಿ ಅಲ್ಲ, ಹನ್ನೆರಡು ತಿಂಗಳೂ ಅಲ್ಲೇ ಇರುವ ನಮಗಾಗಿಯೂ ಅಲ್ಲ. ಕೂಡುವುದಕ್ಕೆ ಗೋಡೆ ಒಡೆಯಬೇಕು, ಏಕಾಂತಕ್ಕೆ ಮಹಡಿ ಹತ್ತಬೇಕು ಎಂದು ಬಿಲ್ಡರ್ ಹೇಳಿಕೊಟ್ಟಿದ್ದಾನೆ, ನಾವು ನಂಬಿದ್ದೇವೆ. ಎರಡೂ ಸುಳ್ಳು.

ಸುಳ್ಳೆಂದರೆ ಸಾಲದು, ಲೆಕ್ಕ ಕೊಡಬೇಕು. ಮನೆಗೆ ಆರು ಲಕ್ಷ ಡಾಲರ್, 3,000 ಚದರಡಿ ಎಂದಿಟ್ಟುಕೊಳ್ಳಿ. ಚದರಡಿಗೆ 200 ಡಾಲರ್. ಫಾರ್ಮಲ್ ಕೋಣೆಗಳೆರಡೂ ಸೇರಿ 400 ಚದರಡಿ ಎಂದರೆ 80,000 ಡಾಲರ್. ಇಲಿನಾಯ್‌ನಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಮನೆಯ ಬೆಲೆಯ ಶೇಕಡಾ 2ರ ಆಸುಪಾಸಿನಲ್ಲಿರುತ್ತದೆ. ಆ ಎರಡು ಕೋಣೆಗಳ ಪಾಲಿಗೆ ವರ್ಷಕ್ಕೆ 1,600 ಡಾಲರ್ ತೆರಿಗೆ. ದೀಪಾವಳಿ, ಗಣೇಶನ ಹಬ್ಬ, ಒಂದು ಹುಟ್ಟುಹಬ್ಬ, ಒಂದು ಸತ್ಯನಾರಾಯಣ ಪೂಜೆ, ನಾಲ್ಕು ಸಂಜೆ, ತಲಾ ನಾಲ್ಕು ಗಂಟೆ. ಹದಿನಾರು ಗಂಟೆಗೆ 1,600 ಡಾಲರ್, ಗಂಟೆಗೆ ನೂರು. ಇದು ತೆರಿಗೆ ಮಾತ್ರ. ಸಾಲದ ಬಡ್ಡಿ, ಚಳಿಗಾಲದ ಗ್ಯಾಸ್ ಬಿಲ್ಲು, ಧೂಳು ಹೊಡೆಯುವ ಕೂಲಿ ಸೇರಿಸಿಲ್ಲ. ಯಾವುದೇ ಕಕ್ಷಿದಾರ ಇಂಥ ದುಡಿಯದ ಆಸ್ತಿ ಇಟ್ಟುಕೊಂಡು ನನ್ನ ಮುಂದೆ ಬಂದರೆ, ಮಾರಿಬಿಡಿ ಎನ್ನುತ್ತೇನೆ. ನಮ್ಮವರು ಅದಕ್ಕೆ ಮೂವತ್ತು ವರ್ಷದ ಸಾಲ ತೆಗೆದು, ಪರದೆ ಹೊಲಿಸುತ್ತಾರೆ.

ಇದು ನಮ್ಮೊಬ್ಬರ ಹುಚ್ಚಲ್ಲ ನಿಜ. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ಒಂಟಿ ಕುಟುಂಬದ ಮನೆಗಳ ಮಧ್ಯಮ ಅಳತೆ 1973ರಲ್ಲಿ 1,525 ಚದರಡಿ ಇತ್ತು, 2015ರ ಹೊತ್ತಿಗೆ 2,467ಕ್ಕೆ ಏರಿತು. ಅದೇ ಅವಧಿಯಲ್ಲಿ ಮನೆಯೊಳಗಿನ ಜನ ಕಡಿಮೆಯಾದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕ್ಯಾಂಪಸ್ಸಿನ ಸಂಶೋಧಕರು ಅಲ್ಲಿನ 32 ಮಧ್ಯಮವರ್ಗದ ಕುಟುಂಬಗಳನ್ನು ಮನೆಯೊಳಗೇ ಕೂತು ಗಮನಿಸಿ 2012ರಲ್ಲಿ ಪುಸ್ತಕ ತಂದರು. ಒಂದು ಮನೆಯಲ್ಲಿ ಯಾರು ಎಲ್ಲಿ ಎಷ್ಟು ಹೊತ್ತಿದ್ದರೆಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟುಕೊಂಡು ಹೋದರೆ, ಚುಕ್ಕಿಗಳೆಲ್ಲ ಅಡುಗೆಮನೆ, ಅದರ ಪಕ್ಕದ ಮೇಜು, ಟಿವಿಯ ಎದುರು, ಇಷ್ಟರಲ್ಲೇ ಇರುವೆ ಮುತ್ತಿದಂತೆ ಮುತ್ತಿದ್ದವು. ಫಾರ್ಮಲ್ ಕೋಣೆಗಳು ಬಹುಪಾಲು ಬೆಳ್ಳಗೇ ಉಳಿದಿದ್ದವು.

ಅಡುಗೆಮನೆಯಲ್ಲೇ ಎಲ್ಲರೂ ಸೇರುತ್ತಾರೆ, ಆದ್ದರಿಂದ ಅದನ್ನೇ ಬಯಲು ಮಾಡಿಬಿಡೋಣ ಎನ್ನುವುದು ಬಿಲ್ಡರನ ತರ್ಕ. ಸ್ಯಾಂಡ್‌ವಿಚ್ ಜೋಡಿಸುವವರಿಗೆ ಅದು ಸರಿಯಿರಬಹುದು. ಒಣಮೆಣಸಿನಕಾಯಿ, ಇಂಗು, ಸಾಸಿವೆಯ ಒಗ್ಗರಣೆ ಹಾಕುವವರಿಗೆ ಅಲ್ಲ. ಇಂಥ ಬಹಳಷ್ಟು ಮನೆಗಳಲ್ಲಿ ಒಲೆಯ ಮೇಲಿರುವುದು ಮೈಕ್ರೋವೇವಿಗೆ ಸೇರಿಸಿದ ಫ್ಯಾನು. ಅದು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಜಾಲರಿಯಲ್ಲಿ ಸೋಸಿ ವಾಪಸು ನಮ್ಮ ಮುಖಕ್ಕೇ ಊದುತ್ತದೆ. ಘಾಟು ಎರಡಂತಸ್ತು ಏರಿ ಮಕ್ಕಳ ಕೋಟಿನೊಳಗೆ ಸೇರುತ್ತದೆ, ಸ್ಮೋಕ್ ಅಲಾರಾಂ ಕೂಗುತ್ತದೆ, ಯಾರೋ ಟವೆಲ್ ಬೀಸುತ್ತಾರೆ. ಕೊನೆಗೆ ಆರು ಲಕ್ಷದ ಮನೆಯ ಒಡತಿ ಗ್ಯಾರೇಜಿನಲ್ಲಿ ಎಲೆಕ್ಟ್ರಿಕ್ ಒಲೆ ಇಟ್ಟುಕೊಂಡು, ಕಾರಿನ ಪಕ್ಕ ನಿಂತು ಹೋಳಿಗೆ ಬೇಯಿಸುತ್ತಾಳೆ. ಇದು ಉತ್ಪ್ರೇಕ್ಷೆ ಎನ್ನುವವರು ಯುಗಾದಿಯ ಹಿಂದಿನ ದಿನ ನಮ್ಮ ಕಡೆಯ ಬೀದಿಗಳಲ್ಲಿ ಒಂದು ಸುತ್ತು ಬನ್ನಿ.

ಹೊಗೆಗಿಂತ ಸದ್ದು ಕೆಟ್ಟದ್ದು. 2020ರ ನಂತರ ಮನೆಯೇ ಆಫೀಸೂ ಆಯಿತು. ಒಂದೇ ಬಯಲಿನಲ್ಲಿ ಒಬ್ಬರ ಮೀಟಿಂಗ್, ಇನ್ನೊಬ್ಬರ ಮಿಕ್ಸಿ, ಮಗಳ ಪಿಟೀಲು, ಅಪ್ಪನ ಸುದ್ದಿವಾಹಿನಿ. ಎಲ್ಲರೂ ಎಲ್ಲರಿಗೂ ಕೇಳಿಸುತ್ತಾರೆ, ಆದ್ದರಿಂದ ಎಲ್ಲರೂ ಕಿವಿಗೆ ಏನೋ ತುರುಕಿಕೊಳ್ಳುತ್ತಾರೆ ಅಥವಾ ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಹದಿಹರೆಯದ ಮಕ್ಕಳು ಕೋಣೆ ಬಿಟ್ಟು ಹೊರಗೇ ಬರುವುದಿಲ್ಲ ಎಂದು ಗೋಳಾಡುವ ತಾಯ್ತಂದೆಯರನ್ನು ನಾನು ಕೇಳುವುದು ಇಷ್ಟು: ಬಂದು ಕೂರಲು ಬಯಲಲ್ಲದೆ ಬೇರೆ ಏನಾದರೂ ಇಟ್ಟಿದ್ದೀರಾ?

ಇಷ್ಟು ಹೇಳಿದ ಕೂಡಲೇ ಸಭೆಯಲ್ಲಿ ಒಬ್ಬರು ಎದ್ದು, ಅದಕ್ಕೇ ನಮ್ಮ ಹಳೇ ತೊಟ್ಟಿಮನೆಯೇ ಚಂದ ಎನ್ನುತ್ತಾರೆ. ಈ ಮಾತಿಗೂ ನಾನು ಒಪ್ಪುವವಳಲ್ಲ. ನನ್ನ ಅಜ್ಜಿಯ ಮನೆ ಸಾಗರ ತಾಲ್ಲೂಕಿನದು. ಜಗಲಿ, ನಡುಮನೆ, ಅಂಗಳ, ಮೇಲೆ ಮೆತ್ತು, ಎಲ್ಲ ಇತ್ತು. ರೆಸಾರ್ಟಿನವರು ಈಗ ಇಂಥದ್ದಕ್ಕೆ ರಾತ್ರಿಗಿಷ್ಟು ಎಂದು ಬಾಡಿಗೆ ಹೇಳುತ್ತಾರೆ. ಆದರೆ ಆ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂರುತ್ತಿದ್ದವರು ಗಂಡಸರು. ಹೆಂಗಸರ ಕೂಟ ನಡೆಯುತ್ತಿದ್ದುದು ಹಿತ್ತಲ ಬಾಗಿಲಲ್ಲಿ, ಕೈಯಲ್ಲಿ ಏನಾದರೂ ಕೆಲಸ ಇದ್ದಾಗ ಮಾತ್ರ. ಹದಿನೆಂಟು ಜನರಿದ್ದ ಆ ಮನೆಯಲ್ಲಿ ಅಜ್ಜಿಯ ಖಾಸಗಿತನವೆಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಟ್ರಂಕಿನ ಕೀಲಿಕೈ. ತಿಂಗಳಿಗೆ ಮೂರು ದಿನ ಅವಳಿಗೆ ಬಿಡುವು ಸಿಗುತ್ತಿತ್ತು, ಅದನ್ನೂ ಹೊರಗೆ ಕೂರಿಸುವ ಶಿಕ್ಷೆಯ ರೂಪದಲ್ಲಿ ಕೊಡುತ್ತಿದ್ದರು. ಹೊಸದಾಗಿ ಮದುವೆಯಾದ ಸೊಸೆ ಅಳಬೇಕೆಂದರೆ ಕೊಟ್ಟಿಗೆಗೆ ಹೋಗಬೇಕಿತ್ತು. ತೊಟ್ಟಿಮನೆ ಕೂಡುವುದಕ್ಕೆ ಹೇಳಿ ಮಾಡಿಸಿದ್ದು, ಸರಿ. ಯಾರ ಏಕಾಂತವನ್ನು ತೆತ್ತು ಕೂಡುತ್ತಿದ್ದರು ಎಂಬುದನ್ನೂ ಖರ್ಚಿನ ಕಡೆ ಬರೆಯಬೇಕು.

ಆದರೂ ಆ ಮನೆಯಿಂದ ಒಂದನ್ನು ಕದ್ದು ತರಬಹುದಾದರೆ ನಾನು ತರುವುದು ಜಗಲಿಯನ್ನು. ಅಂದಕ್ಕಲ್ಲ. ಜಗಲಿಯಲ್ಲಿ ಕೂತವರು ಮಾತಾಡಲೇಬೇಕೆಂದಿಲ್ಲ. ಬಂದುಹೋಗುವವರು ಕಾಣುತ್ತಾರೆ, ಒಂದು ಮಾತು ಎಸೆಯಬಹುದು, ಸಾಕೆನಿಸಿದರೆ ಎದ್ದು ಒಳಗೆ ಹೋಗಬಹುದು, ಯಾರೂ ಏಕೆ ಎಂದು ಕೇಳುವುದಿಲ್ಲ. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಅಂಚಿನಲ್ಲೇ ಕೂಟ ಹುಟ್ಟುತ್ತದೆ. ನಮ್ಮ ಸಬ್‌ಡಿವಿಷನ್ನುಗಳಲ್ಲಿ ಬೀದಿಯ ಕಡೆ ಮುಖ ಮಾಡಿರುವುದು ಗ್ಯಾರೇಜು. ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ, ಮುಗಿಯಿತು. ಇಡೀ ಮಧ್ಯಾಹ್ನ ಕಿಟಕಿಯಲ್ಲಿ ನಿಂತ ಅತ್ತೆಗೆ ಕಂಡದ್ದು ಅಂಚೆಯವನೊಬ್ಬನೇ. ಚಳಿಯಲ್ಲಿ ಜಗಲಿ ಎಲ್ಲಿಂದ ಬಂತು ಎಂದು ನಗಬೇಡಿ. 2019ರ ಜನವರಿ 30ರಂದು ಶಿಕಾಗೋದಲ್ಲಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದದ್ದನ್ನು ನಾನೂ ನೋಡಿದ್ದೇನೆ. ಇದೇ ಶಿಕಾಗೋದ ನೂರು ವರ್ಷ ಹಳೆಯ ಇಟ್ಟಿಗೆ ಬಂಗಲೆಗಳಲ್ಲಿ ಬೀದಿಯ ಕಡೆಗೆ ಗಾಜು ಹಾಕಿದ, ಬಿಸಿಲು ಬೀಳುವ ಪುಟ್ಟ ಕೋಣೆ ಇದೆ. ಚಳಿ ಅವರಿಗೂ ಇತ್ತು.

ಗೋಡೆಯಿಲ್ಲದ ಮನೆಯನ್ನು ಆಧುನಿಕತೆ ಎಂದು ಮಾರುವವರಿಗೆ ಒಂದು ಮಾತು. ಆ ಆಧುನಿಕತೆ ಬೆಳೆದದ್ದು ನಮ್ಮ ಬಗಲಲ್ಲೇ. ಅರೋರಾದ ಬಾಲಾಜಿ ದೇವಸ್ಥಾನದಿಂದ ಸ್ವಲ್ಪವೇ ದೂರದ ಪ್ಲೇನೋ ಎಂಬ ಊರಿನಲ್ಲಿ, ಫಾಕ್ಸ್ ನದಿಯ ದಡದಲ್ಲಿ, ಮೀಸ್ ವಾನ್ ಡೆರ್ ರೋ ಕಟ್ಟಿದ ಗಾಜಿನ ಮನೆಯಿದೆ. 1951ರಲ್ಲಿ ಮುಗಿಯಿತು. ಕಟ್ಟಿಸಿದವರು ಡಾ. ಎಡಿತ್ ಫಾರ್ನ್ಸ್‌ವರ್ತ್, ಶಿಕಾಗೋದ ಮೂತ್ರಪಿಂಡ ತಜ್ಞೆ. ನಾಲ್ಕೂ ಕಡೆ ಗಾಜು, ಒಳಗೆ ಬಚ್ಚಲು ಮತ್ತು ಅಡುಗೆಯ ಒಂದು ಗೂಡು, ಉಳಿದದ್ದೆಲ್ಲ ಬಯಲು. ಜಗತ್ತು ಕೈಮುಗಿದ ಕಟ್ಟಡ ಅದು. ಖರ್ಚು ಮೀರಿ, ಆಕೆಗೂ ವಾಸ್ತುಶಿಲ್ಪಿಗೂ ಜಗಳ ಕೋರ್ಟಿಗೆ ಹೋಯಿತು. ಆ ಮನೆಯಲ್ಲಿ ಬದುಕುವುದು ಎಷ್ಟು ಕಷ್ಟವೆಂದು ಆಕೆ ಬಹಿರಂಗವಾಗಿಯೇ ಹೇಳಿಕೊಂಡರು. ಗಮನಿಸಿ, ಅದು ಒಬ್ಬರೇ ಇರುವ ಮಹಿಳೆಯ ವಾರಾಂತ್ಯದ ಮನೆ. ಒಬ್ಬರಿಗೇ ಒಗ್ಗದ ಬಯಲನ್ನು ನಾವು ಏಳು ಜನರಿಗೆ ಹಂಚುತ್ತಿದ್ದೇವೆ.

ಇನ್ನು ಫ್ರಾಂಕ್ ಲಾಯ್ಡ್ ರೈಟ್. ಬಯಲು ಮನೆಯ ಮೂಲಪುರುಷ ಎಂದು ಅವನ ಹೆಸರು ಹೇಳುತ್ತಾರೆ. 1910ರಲ್ಲಿ ಮುಗಿದ ರೋಬಿ ಹೌಸ್ ಶಿಕಾಗೋ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇದೆ, ಟಿಕೆಟ್ ತೆಗೆದುಕೊಂಡು ನೋಡಬಹುದು. ಕೂಡುವ ಜಾಗ, ಉಣ್ಣುವ ಜಾಗ ಒಂದೇ ಉದ್ದನೆಯ ಹಾಲು, ನಿಜ. ಆದರೆ ನಡುವೆ ದೊಡ್ಡ ಬೆಂಕಿಗೂಡು ನಿಲ್ಲಿಸಿದ್ದಾನೆ. ಊಟದ ಮೇಜಿಗೆ ಬೆನ್ನು ತಲೆಗಿಂತ ಮೇಲೇರುವ ಕುರ್ಚಿಗಳನ್ನು ಮಾಡಿಸಿದ್ದಾನೆ, ಕೂತರೆ ಕೋಣೆಯೊಳಗೊಂದು ಕೋಣೆ. ಹೊರಗಿನ ಕಟ್ಟೆಗೋಡೆಯ ಎತ್ತರ ಎಂಥದೆಂದರೆ ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗು ಕಾಣದು. ಅವನು ಗೋಡೆ ತೆಗೆದ, ಅಂಚು ಉಳಿಸಿಕೊಂಡ. ಡೆಟ್ರಾಯಿಟ್ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಬ್ಲೂಮ್‌ಫೀಲ್ಡ್ ಹಿಲ್ಸ್‌ನ ಸ್ಮಿತ್ ಹೌಸ್. ಮೆಲ್ವಿನ್ ಮತ್ತು ಸಾರಾ ಸ್ಮಿತ್ ಇಬ್ಬರೂ ಡೆಟ್ರಾಯಿಟ್‌ನ ಶಾಲಾ ಮೇಷ್ಟ್ರುಗಳು. ರೈಟ್‌ನಿಂದ ನಕ್ಷೆ ಬರೆಸಿಕೊಂಡು, ಹಣ ಉಳಿಸಲು ಗುತ್ತಿಗೆದಾರನ ಕೆಲಸ ತಾವೇ ನೋಡಿಕೊಂಡು 1950ರ ಹೊತ್ತಿಗೆ ಮನೆ ಮುಗಿಸಿದರು. ಜನ ಸೇರುವ ಕೋಣೆ ಒಂದು ಕಡೆ, ಮಲಗುವ ಕೋಣೆಗಳು ಉದ್ದನೆಯ ನಡೆಯ ಆಚೆ ಇನ್ನೊಂದು ಕಡೆ, ಎಲ್ಲ ನೆಲದ ಮಟ್ಟದಲ್ಲೇ. ಸ್ನೇಹಿತರಿಗೆ, ಕಲಾವಿದರಿಗೆ ಸದಾ ತೆರೆದಿದ್ದ ಮನೆ ಅದು. ಮೇಷ್ಟ್ರ ಸಂಬಳದಲ್ಲಿ!

ನನಗೆ ಮಾತ್ರ ಇವೆಲ್ಲಕ್ಕಿಂತ ಮೆಚ್ಚಿಗೆಯಾದದ್ದು ಯಾವ ಮಹಾಪುರುಷನೂ ಕಟ್ಟದ ಶಿಕಾಗೋದ ಟೂ-ಫ್ಲ್ಯಾಟ್. ಪಿಲ್ಸನ್, ಲಿಟಲ್ ವಿಲೇಜ್, ಲೋಗನ್ ಸ್ಕ್ವೇರ್ ಕಡೆ ಬೀದಿಗೆ ಬೀದಿಯೇ ಇಂಥವು. ಇಟ್ಟಿಗೆಯ ಕಟ್ಟಡ, ಕೆಳಗೊಂದು ಮನೆ, ಮೇಲೊಂದು ಮನೆ. ಮುಂದೆ ಕಲ್ಲಿನ ಮೆಟ್ಟಿಲು, ಹಿಂದೆ ಎರಡೂ ಅಡುಗೆಮನೆಗಳನ್ನು ಜೋಡಿಸುವ ಮರದ ಮೆಟ್ಟಿಲು. ಬಹುಪಾಲು 1920ರ ದಶಕದೊಳಗೆ, ಚೆಕ್, ಪೋಲಿಷ್ ಮುಂತಾದ ವಲಸಿಗರು ವಾಸಿಸಲೆಂದು ಎದ್ದವು. ಕೆಳಗೆ ತಾಯ್ತಂದೆ, ಮೇಲೆ ಮಗ ಸೊಸೆ. ಅಥವಾ ಕೆಳಗೆ ತಾವು, ಮೇಲೆ ಬಾಡಿಗೆಯವರು, ಬಾಡಿಗೆಯಲ್ಲಿ ಸಾಲ ತೀರುತ್ತಿತ್ತು. ಡೆಟ್ರಾಯಿಟ್‌ನೊಳಗೇ ದ್ವೀಪದಂತಿರುವ ಹ್ಯಾಮ್‌ಟ್ರಾಮಿಕ್‌ನಲ್ಲೂ ಇಂಥವೇ ಮರದ ಮನೆಗಳು. ಪೋಲಿಷ್ ಜನ ಬಿಟ್ಟುಹೋದ ಮೇಲೆ ಈಗ ಬಾಂಗ್ಲಾದೇಶ, ಯೆಮನ್‌ನಿಂದ ಬಂದವರು ಅವುಗಳಲ್ಲಿ ಅದೇ ರೀತಿ ಮೇಲೂ ಕೆಳಗೂ ಸಂಸಾರ ಹೂಡಿದ್ದಾರೆ. ಹಿಂದಿನ ಮೆಟ್ಟಿಲಲ್ಲಿ ಪಾತ್ರೆ ಹಿಡಿದು ಇಳಿಯುವ ಮೊಮ್ಮಗಳನ್ನು ನೋಡಿದ್ದೇನೆ. ಅಜ್ಜಿಯ ಬಾಗಿಲು ತಟ್ಟಿ ನಿಂತಳು. ತಟ್ಟಬೇಕಾದ ಬಾಗಿಲೊಂದು ಅಜ್ಜಿಗೆ ಇತ್ತು.

ಎರಡು ಒಲೆ ಎಂದ ಕೂಡಲೇ ನಮ್ಮವರ ಮುಖ ಸಣ್ಣಗಾಗುತ್ತದೆ. ಕನ್ನಡದಲ್ಲಿ ಒಲೆ ಬೇರೆಯಾಯಿತು ಎಂದರೆ ಮನೆ ಮುರಿಯಿತು ಎಂದೇ ಅರ್ಥ. ಆದರೆ ಸಿಎ ಓದುವಾಗ ಹಿಂದೂ ಅವಿಭಕ್ತ ಕುಟುಂಬದ ತೆರಿಗೆಯ ಪಾಠದಲ್ಲಿ ನನಗೆ ಬೇರೆಯೇ ಸಿಕ್ಕಿತು. ಅಡುಗೆ ಬೇರೆಯಾದ ಮಾತ್ರಕ್ಕೆ ಕುಟುಂಬ ವಿಭಜನೆಯಾಯಿತೆಂದು ಕಾನೂನು ತೀರ್ಮಾನಿಸುವುದಿಲ್ಲ. ಕಾನೂನಿಗಿರುವ ಈ ವಿವೇಕ ನಮಗೇಕಿಲ್ಲ? ಆರು ತಿಂಗಳು ಅತ್ತೆ ಸೊಸೆ ಒಂದೇ ಸಿಂಕಿನ ಮುಂದೆ ಮೊಣಕೈ ತಾಗಿಸಿಕೊಂಡು ನಿಲ್ಲುವುದರಿಂದ ಉಳಿದ ಸಂಸಾರ ಎಷ್ಟು, ಕೆಟ್ಟ ಸಂಸಾರ ಎಷ್ಟು? ಬೆಳಿಗ್ಗೆ ಐದಕ್ಕೆ ಎದ್ದು ತನಗೆ ಬೇಕಾದಷ್ಟು ಡಿಕಾಕ್ಷನ್ ತಾನೇ ಇಳಿಸಿಕೊಳ್ಳಲು ಒಂದು ಚಿಕ್ಕ ಒಲೆ, ಒಂದು ನಲ್ಲಿ ಇದ್ದರೆ ಅತ್ತೆ ಅತಿಥಿಯಾಗಿರುವುದಿಲ್ಲ, ಮನೆಯವರಾಗುತ್ತಾರೆ. ಮಧ್ಯಾಹ್ನ ಊಟಕ್ಕೆ ಕರೆದರೆ ಬರುತ್ತಾರೆ. ಕರೆಯಲು ಕಾರಣವಾದರೂ ಇರುತ್ತದೆ.

ಹಾಗಾದರೆ ಕಟ್ಟಿ ಎಂದರೆ, ಕಟ್ಟಲು ಬಿಡುವುದಿಲ್ಲ. ಶಿಕಾಗೋ ನಗರವೇ 1957ರಿಂದ ಮನೆಯ ಹಿಂದೆ ಅಥವಾ ನೆಲಮಾಳಿಗೆಯಲ್ಲಿ ಎರಡನೆಯ ಪುಟ್ಟ ಮನೆ ಮಾಡುವುದನ್ನು ತಡೆದಿತ್ತು. 2020ರ ಡಿಸೆಂಬರಿನಲ್ಲಿ ನಿಯಮ ಸಡಿಲಿಸಿ, 2021ರ ಮೇ ತಿಂಗಳಿಂದ ಐದು ಪ್ರದೇಶಗಳಲ್ಲಿ ಮಾತ್ರ ಪ್ರಯೋಗಕ್ಕೆ ಬಿಟ್ಟರು. ಇತ್ತ ನಗರದ ಉತ್ತರಕ್ಕೆ ಹಣವಂತರು ಟೂ-ಫ್ಲ್ಯಾಟ್‌ಗಳನ್ನು ಕೊಂಡು, ನಡುವಿನ ಅಡುಗೆಮನೆ ಕಿತ್ತು ಒಂದೇ ಅರಮನೆ ಮಾಡಿಕೊಳ್ಳುತ್ತಿದ್ದಾರೆ, ಅದಕ್ಕೆ ಅಷ್ಟು ಅಡ್ಡಿಯಿಲ್ಲ. ನಾವಿರುವ ಉಪನಗರಗಳ ಬಹುಪಾಲು ನೆಲ 'ಒಂದು ಕುಟುಂಬ, ಒಂದು ಮನೆ' ಎಂಬ ವಲಯ. ಎರಡನೆಯ ಪೂರ್ಣ ಅಡುಗೆಮನೆ ಬಂದರೆ ಎಷ್ಟೋ ಊರುಗಳಲ್ಲಿ ಅದು ಎರಡನೆಯ ಮನೆ, ಅನುಮತಿಯಿಲ್ಲ. ಕುಟುಂಬವೆಂದರೆ ಯಾರು ಎನ್ನುವುದನ್ನೂ ಕಚೇರಿಯೇ ಹೇಳಲು ಹೊರಟಿತ್ತು ಒಮ್ಮೆ. ಡೆಟ್ರಾಯಿಟ್‌ನಿಂದ ಈರಿ ಸರೋವರದ ದಡ ಹಿಡಿದು ಹೋದರೆ ಸಿಗುವ ಈಸ್ಟ್ ಕ್ಲೀವ್‌ಲ್ಯಾಂಡ್‌ನಲ್ಲಿ ಐನೆಜ್ ಮೂರ್ ಎಂಬ ಅಜ್ಜಿ ತನ್ನ ಮಗ ಮತ್ತು ಇಬ್ಬರು ಮೊಮ್ಮಕ್ಕಳನ್ನು ಇಟ್ಟುಕೊಂಡಿದ್ದಳು. ಮೊಮ್ಮಕ್ಕಳು ಒಂದೇ ತಾಯ್ತಂದೆಯ ಮಕ್ಕಳಲ್ಲ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಒಬ್ಬನ ತಾಯಿ ತೀರಿಹೋಗಿದ್ದಳು. ಇದು ನಮ್ಮ ನಿಯಮದ ಕುಟುಂಬವಲ್ಲ ಎಂದು ನಗರ ಅವಳಿಗೆ ಐದು ದಿನದ ಜೈಲು, 25 ಡಾಲರ್ ದಂಡ ಹಾಕಿಸಿತು. ಸುಪ್ರೀಂ ಕೋರ್ಟು 1977ರಲ್ಲಿ ಆ ನಿಯಮವನ್ನು ಹೊಡೆದುಹಾಕಿತು, ಐದಕ್ಕೆ ನಾಲ್ಕರ ಬಹುಮತದಲ್ಲಿ. ನಮ್ಮ ಅಪ್ಪ ಅಮ್ಮ, ಅಣ್ಣನ ಮಗ ಒಂದೇ ಸೂರಿನಡಿ ಇರಬಹುದಾದ ಹಕ್ಕನ್ನು ಒಬ್ಬ ಕಪ್ಪು ಅಜ್ಜಿ ಒಂದು ಮತದ ಅಂತರದಲ್ಲಿ ಗೆದ್ದುಕೊಟ್ಟಳು. ನಮಗೆ ಅವಳ ಹೆಸರೂ ಗೊತ್ತಿಲ್ಲ, ವಾಸ್ತುಪುರುಷನದು ಗೊತ್ತು.

ಇದೆಲ್ಲ ಅಮೆರಿಕದ ತಂಟೆ ಎಂದು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಓದುತ್ತಿರುವವರು ನಿಟ್ಟುಸಿರು ಬಿಡಬೇಡಿ. ನಿಮ್ಮ ಮನೆಯ ಮಹಡಿಯ ಮೇಲೆ ಏನಿದೆ? ಅಟ್ಯಾಚ್ಡ್ ಬಾತ್‌ರೂಮಿನ ಎರಡು ಕೋಣೆ, ಏಸಿ, ಬೀರು, ಮಂಚದ ಮೇಲೆ ಪ್ಲಾಸ್ಟಿಕ್ ತೆಗೆಯದ ಹಾಸಿಗೆ. ಅಮೆರಿಕದ ಮಗ ಮಗಳು ಬಂದಾಗ ಬೇಕು ಎಂದು ನಿವೃತ್ತಿಯ ಹಣ ಸುರಿದು ಕಟ್ಟಿಸಿದ್ದು. ಎರಡು ವರ್ಷಕ್ಕೊಮ್ಮೆ ಮೂರು ವಾರ ಬರುತ್ತೇವೆ, ಅದರಲ್ಲೂ ಅರ್ಧ ತಿರುಗಾಟ. ಉಳಿದ ದಿನ ಅದನ್ನು ಗುಡಿಸಲು ಮಂಡಿನೋವಿನ ಅದೇ ಅಮ್ಮ ಅದೇ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಅವರು ನಮಗಾಗಿ ಖಾಲಿ ಮಹಡಿ ಕಟ್ಟುತ್ತಾರೆ, ಇಲ್ಲಿ ನಾವು ಅವರಿಗೆ ಒಂದು ಬಚ್ಚಲು ಕಟ್ಟುವುದಿಲ್ಲ. ಬೆಂಗಳೂರಿನ ಸರ್ಜಾಪುರ ರಸ್ತೆಯ ವಿಲ್ಲಾಗಳ ಜಾಹೀರಾತಿನಲ್ಲಿ 'ಡಬಲ್ ಹೈಟ್ ಲಿವಿಂಗ್' ನೋಡಿದಾಗ ನನಗೆ ಕ್ಯಾಂಟನ್‌ನ ಆ ಪರದೆಯೇ ನೆನಪಾಗುತ್ತದೆ. ಇಲ್ಲಿ ಕೆಟ್ಟದ್ದನ್ನು ಅಲ್ಲಿ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದಾರೆ.

ರೀಸೇಲ್ ವ್ಯಾಲ್ಯೂ ಏನಾಗುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದೂ ನನ್ನ ವೃತ್ತಿ ಗೊತ್ತಿರುವುದರಿಂದ. ಪ್ಯೂ ಸಂಸ್ಥೆಯ ಲೆಕ್ಕದಲ್ಲಿ 1971ರಲ್ಲಿ ಅಮೆರಿಕದ ಶೇಕಡಾ 7ರಷ್ಟು ಜನ ಹಲವು ತಲೆಮಾರಿನ ಮನೆಗಳಲ್ಲಿದ್ದರು, 2021ರಲ್ಲಿ ಶೇಕಡಾ 18. ಲೆನಾರ್ ಎಂಬ ದೊಡ್ಡ ಬಿಲ್ಡರ್ ಕಂಪನಿ 2011ರಿಂದಲೇ ಮನೆಯೊಳಗೊಂದು ಮನೆ ಇಟ್ಟು, ಅದಕ್ಕೆ ಬೇರೆ ಬಾಗಿಲಿಟ್ಟು ಮಾರುತ್ತಿದೆ. ಬಿಲ್ಡರುಗಳು ಪರೋಪಕಾರಿಗಳಲ್ಲ, ಕೊಳ್ಳುವವರಿದ್ದಾರೆ ಎಂದೇ ಕಟ್ಟುತ್ತಾರೆ. ನಾವು ಕೇಳುವುದಿಲ್ಲವಾದ್ದರಿಂದ ನಮಗೆ ತೂಗುದೀಪ ತೋರಿಸುತ್ತಾರೆ. ಇನ್ನು ನೂರು ಜನರನ್ನು ಕರೆಯಬೇಕಲ್ಲ ಎನ್ನುವವರಿಗೆ: ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವಾಗಲಿ ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟವಾಗಲಿ ತಮ್ಮ ರಾಜ್ಯೋತ್ಸವವನ್ನು ಯಾರ ಫ್ಯಾಮಿಲಿ ರೂಮಿನಲ್ಲೂ ಮಾಡುವುದಿಲ್ಲ, ಸಭಾಂಗಣ ಬಾಡಿಗೆಗೆ ಹಿಡಿಯುತ್ತವೆ. ನೂರು ಜನಕ್ಕೆ ಅದೇ ಸರಿ. ಮನೆಗೆ ಬೇಕಾದದ್ದು ಎಂಟು ಜನ ಮುಖ ನೋಡಿಕೊಂಡು ಕೂರುವ ಒಂದು ಮೇಜು.

ನಾವು ಮಿಷಿಗನ್ ಬಿಟ್ಟು ಇಲ್ಲಿಗೆ ಬಂದಾಗ ಕೊಂಡದ್ದು 1960ರ ದಶಕದ ಒಂದಂತಸ್ತಿನ ರ‍್ಯಾಂಚ್ ಮನೆ, 1,900 ಚದರಡಿ. ಗೃಹಪ್ರವೇಶಕ್ಕೆ ಬಂದವರು, ಪರವಾಗಿಲ್ಲ ಬಿಡಿ, ಸ್ಟಾರ್ಟರ್ ಹೋಮ್ ಅಲ್ಲವೇ ಎಂದು ಸಮಾಧಾನ ಹೇಳಿದರು. ಹಿಂಬದಿಯ ಕೋಣೆಗೆ ಅಂಚಿಲ್ಲದ ಶವರ್, ಹಿಡಿಕೆ, ಹೊರಗೆ ಹೋಗಲು ಅದರದೇ ಬಾಗಿಲು ಮಾಡಿಸಿದೆವು. ಅಡುಗೆಮನೆಗೆ ಜಾರುಬಾಗಿಲು ಹಾಕಿಸಿ, ಹೊಗೆಯನ್ನು ನಿಜವಾಗಿ ಹೊರಗೆ ತಳ್ಳುವ ಫ್ಯಾನು ಕೂರಿಸಿದೆವು. ಮುಂದಿನ ಪುಟ್ಟ ಪೋರ್ಚಿಗೆ ಗಾಜು ಹಾಕಿಸಿದ ಮೇಲೆ ನಮ್ಮ ಮಾವ ಬೆಳಗಿನ ಕಾಫಿಯಿಂದ ಊಟದವರೆಗೆ ಅಲ್ಲೇ. ಬೀದಿಯ ಮೂರು ನಾಯಿಗಳ ಹೆಸರು ಅವರಿಗೆ ಗೊತ್ತು, ನನಗಿನ್ನೂ ಗೊತ್ತಿಲ್ಲ. ಎಲ್ಲ ಸೇರಿ ಆದ ಖರ್ಚು, ಆ ಫಾರ್ಮಲ್ ಕೋಣೆಗಳೆರಡರ 80,000ಕ್ಕಿಂತ ಕಡಿಮೆ.

ಎರಡನೆಯ ಒಲೆಗೆ ಮಾತ್ರ ಅನುಮತಿ ಸಿಗಲಿಲ್ಲ. ಅದಕ್ಕೆಂದು ಊರಿನ ಪ್ಲಾನಿಂಗ್ ಸಭೆಗಳಿಗೆ ಹೋಗತೊಡಗಿದೆ. ಸಂಜೆ ಏಳಕ್ಕೆ ಶುರು, ಯಾರು ಬೇಕಾದರೂ ಹೆಸರು ಕೊಟ್ಟು ಮೂರು ನಿಮಿಷ ಮಾತಾಡಬಹುದು. ಹೋದ ಸಲ ಎರಡನೆಯ ಮನೆಗಳ ನಿಯಮ ಚರ್ಚೆಗೆ ಬಂದಾಗ ವಿರೋಧಿಸಿ ಹನ್ನೊಂದು ಜನ ಮಾತಾಡಿದರು, ಪಾರ್ಕಿಂಗ್ ಬಗ್ಗೆ, ಬೀದಿಯ ಸ್ವಭಾವದ ಬಗ್ಗೆ. ಪರವಾಗಿ ಮಾತಾಡಿದ್ದು ನಾನು, ಮತ್ತು ವಾಕರ್ ಹಿಡಿದು ಬಂದಿದ್ದ ಒಬ್ಬ ಪೋಲಿಷ್ ಮುದುಕಿ. ನಮ್ಮ ಸಬ್‌ಡಿವಿಷನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಭಾರತೀಯ ಮನೆಗಳಿವೆ. ಅವತ್ತು ಯಾರದೋ ಮನೆಯಲ್ಲಿ ಗೃಹಪ್ರವೇಶವಿತ್ತಂತೆ. ಮುಂದಿನ ಸಭೆ ಬರುವ ತಿಂಗಳ ಮೊದಲ ಬುಧವಾರ.